ಹೃದಯವನ್ನು ಬಿಡಿಸಿ ನೋಡಿದ ಧರ್ಮಾಧ್ಯಕ್ಷ: ಪುನೀತ ನೀಲ್ಸ್ ಸ್ಟೆನ್ಸನ್

ಪಾಣೆಮಂಗಳೂರು ಪೇಟೆಯಿಂದ ಆಡಿನ ಮಾಂಸ ತಂದು ಬೇಯಿಸುವ ಮನೆಗಳಲ್ಲಿ, ಚೆನ್ನಾಗಿ ಬೆಂದ ಮಾಂಸ ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದು ಎಲ್ಲರೂ ಕಂಡ ವಿಷಯ. ಇಂತಹದೇ ಒಂದು ಸಾಮಾನ್ಯ ಸಂಗತಿ ಸುಮಾರು 360 ವರ್ಷಗಳ ಹಿಂದೆ ಒಬ್ಬ ತರುಣನ ಬದುಕಿಗೆ ತಿರುವು ಕೊಟ್ಟಿತು. ಅವರೇ ಪುನೀತ ನೀಲ್ಸ್ ಸ್ಟೆನ್ಸನ್. ವಿಜ್ಞಾನ ಲೋಕದಲ್ಲಿ ನಿಕೊಲಾಸ್ ಸ್ಟೆನೊ ಎಂದೇ ಪ್ರಸಿದ್ಧರು.

ಸ್ಟೆನ್ಸನ್ 1638ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗರು, ಕುಟುಂಬ ಲೂಥರನ್ ಪಂಥಕ್ಕೆ ಸೇರಿದ್ದು. ವೈದ್ಯಶಾಸ್ತ್ರ ಕಲಿಯಲು ಹೊರಟ ಅವರು 1660ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕುರಿಯ ತಲೆಯೊಂದನ್ನು ಛೇದಿಸುತ್ತಿದ್ದಾಗ, ಕಿವಿಯ ಬಳಿಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ನಾಳವನ್ನು ಕಂಡುಹಿಡಿದರು. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಸ್ಟೆನ್ಸನ್ ನಾಳವೆಂದೇ ಓದುತ್ತಾರೆ.

ಆ ಕಾಲದಲ್ಲಿ ಹೃದಯದ ಬಗ್ಗೆ ದೊಡ್ಡ ದೊಡ್ಡ ಕಲ್ಪನೆಗಳಿದ್ದವು. ಹೃದಯವೆಂದರೆ ದೇಹದ ಶಾಖದ ಮೂಲ, ಅದರ ಬಿಸಿಗೆ ರಕ್ತ ಉಬ್ಬಿ ಹರಿಯುತ್ತದೆ ಎಂದು ತತ್ವಜ್ಞಾನಿ ಡೆಕಾರ್ಟ್ ಬರೆದಿದ್ದರು. ಸ್ಟೆನ್ಸನ್ ಅವರೂ ಡೆಕಾರ್ಟ್‌ನ ಅಭಿಮಾನಿಯೇ. ಆದರೆ 1663ರ ಸುಮಾರಿಗೆ ಅವರು ಎತ್ತಿನ ಹೃದಯವನ್ನು ಬೇಯಿಸಿ, ಹೊರಪೊರೆ ಸುಲಿದು, ನಾರುಗಳನ್ನು ಒಂದೊಂದಾಗಿ ಬಿಡಿಸಿದರು. ನಾರುಗಳು ಓರೆಯಾಗಿ ತುದಿಯತ್ತ ಇಳಿದು, ಅಲ್ಲಿ ಸುತ್ತಿಕೊಂಡು ಮತ್ತೆ ಮೇಲಕ್ಕೆ ಏರುತ್ತಿದ್ದವು. ಕಾಲಿನ ಸ್ನಾಯುವಿನಲ್ಲಿ ಏನಿದೆಯೋ ಹೃದಯದಲ್ಲೂ ಅದೇ ಇತ್ತು. ಬೇರೆ ಯಾವುದೂ ಇರಲಿಲ್ಲ. ಹೃದಯವೂ ಒಂದು ಸ್ನಾಯು ಎಂದು 1664ರಲ್ಲಿ ಅವರು ಪ್ರಕಟಿಸಿದರು.

ಈ ಶೋಧನೆ ಅವರ ವಿಶ್ವಾಸವನ್ನು ಕೆಡಿಸಲಿಲ್ಲ, ಉಳಿಸಿತು. ಲೈಡನ್‌ನಲ್ಲಿದ್ದಾಗ ಸ್ಪಿನೋಜಾ ಮೊದಲಾದವರ ಒಡನಾಟದಿಂದ ಅವರ ನಂಬಿಕೆ ಅಲುಗಾಡಿತ್ತು. ಕೈಯಿಂದ ಮುಟ್ಟಿ ಪರೀಕ್ಷಿಸಬಹುದಾದ ಮಾಂಸಖಂಡದ ವಿಷಯದಲ್ಲೇ ತಪ್ಪಿದವರು, ಕಣ್ಣಿಗೆ ಕಾಣದ ದೇವರು ಮತ್ತು ಆತ್ಮದ ಬಗ್ಗೆ ಅಷ್ಟು ಖಚಿತವಾಗಿ ಹೇಳುವುದನ್ನು ಹೇಗೆ ನಂಬಲಿ ಎಂಬ ಪ್ರಶ್ನೆ ಅವರಲ್ಲಿ ಎದ್ದಿತು. ಮುಂದೆ ತತ್ವಜ್ಞಾನಿ ಲೈಬ್ನಿಟ್ಸ್‌ರಿಗೆ ಬರೆದ ಪತ್ರದಲ್ಲಿ ಈ ಅನುಭವವನ್ನು ಅವರೇ ನೆನೆದಿದ್ದಾರೆ.

1666ರಲ್ಲಿ ಅವರು ಇಟಲಿಯ ಫ್ಲಾರೆನ್ಸ್ ಸೇರಿದರು. ಅಲ್ಲಿ ಶಾರ್ಕ್ ಮೀನಿನ ತಲೆಯ ಛೇದನದಿಂದ ಆರಂಭವಾದ ಅಧ್ಯಯನ, 1669ರಲ್ಲಿ ಭೂಮಿಯ ಪದರಗಳ ಕುರಿತ ಗ್ರಂಥವಾಗಿ ಹೊರಬಂತು; ಅದು ಭೂವಿಜ್ಞಾನಕ್ಕೆ ಅಡಿಪಾಯವಾಯಿತು. ಈ ನಡುವೆ 1667ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದ್ದರು. 1675ರಲ್ಲಿ ಗುರುದೀಕ್ಷೆ, 1677ರಲ್ಲಿ ಧರ್ಮಾಧ್ಯಕ್ಷ ಪದವಿ. ಉತ್ತರ ಯುರೋಪಿನಲ್ಲಿ ಚದುರಿಹೋಗಿದ್ದ ಬಡ ಕಥೋಲಿಕರ ಸೇವೆ ಅವರ ಪಾಲಿಗೆ ಬಂತು. ಧರ್ಮಾಧ್ಯಕ್ಷರ ಉಂಗುರ, ಶಿಲುಬೆಗಳನ್ನೂ ಬಡವರಿಗಾಗಿ ಮಾರಿದರು. ಮ್ಯೂನ್‌ಸ್ಟರ್‌ನಲ್ಲಿ ಧರ್ಮಾಧ್ಯಕ್ಷರ ಆಯ್ಕೆಗೆ ಹಣ ಹರಿದಾಡಿದಾಗ ಪ್ರತಿಭಟಿಸಿ, 1683ರಲ್ಲಿ ಆ ನಗರವನ್ನೇ ಬಿಟ್ಟರು. 1686ರ ಡಿಸೆಂಬರ್ 5ರಂದು ಶ್ವೇರಿನ್‌ನಲ್ಲಿ, 48ನೆಯ ವಯಸ್ಸಿನಲ್ಲಿ ನಿಧನರಾದರು. 1988ರ ಅಕ್ಟೋಬರ್ 23ರಂದು ಪೋಪ್ ಎರಡನೇ ಜಾನ್ ಪಾವ್ಲ್ ಅವರನ್ನು ಪುನೀತರೆಂದು ಘೋಷಿಸಿದರು.

ವಿಜ್ಞಾನ ಓದಿದರೆ ಮಕ್ಕಳ ವಿಶ್ವಾಸ ಕುಂದೀತೇ ಎಂದು ಆತಂಕಪಡುವ ಹೆತ್ತವರು ನಮ್ಮಲ್ಲಿದ್ದಾರೆ. ಅವರು ಸ್ಟೆನ್ಸನ್ ಅವರ ಬದುಕನ್ನು ಒಮ್ಮೆ ನೋಡಲಿ. ಹೃದಯ ಬರೀ ಸ್ನಾಯು ಎಂದು ತೋರಿಸಿದ ಅದೇ ವ್ಯಕ್ತಿ, ತನ್ನ ಹೃದಯವನ್ನು ಪೂರ್ತಿಯಾಗಿ ಬಡವರಿಗೆ ಕೊಟ್ಟರು.