ಪದವಿ ಇಲ್ಲದ ಶಿಲ್ಪಿ

ಐರೋಪ್ಯ ಒಕ್ಕೂಟದ ಕಾನೂನನ್ನು ಅಭ್ಯಸಿಸಲು ತೊಡಗಿದ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಸಾರ್ವಭೌಮ ರಾಷ್ಟ್ರಗಳು ತಮಗಿಂತ ಮೇಲಿನ ಸಂಸ್ಥೆಯೊಂದರ ಮಾತಿಗೆ ಬದ್ಧವಾಗಲು ಒಪ್ಪಿದ್ದಾದರೂ ಏಕೆ? ಒಪ್ಪಂದಗಳ ಕಲಮುಗಳಲ್ಲಿ ದೊರೆಯದ ಉತ್ತರ ನನಗೆ ದೊರೆತದ್ದು ಝಾನ್ ಮೊನೆ ಅವರ ಬದುಕಿನಲ್ಲಿ. ಸೋಜಿಗವೆಂದರೆ, ಕಾನೂನು ವಿದ್ಯಾರ್ಥಿಗಳು ಇಂದು ಓದುವ ಈ ವ್ಯವಸ್ಥೆಯ ಶಿಲ್ಪಿ ಸ್ವತಃ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ.

1888ರಲ್ಲಿ ಫ್ರಾನ್ಸ್‌ನ ಕೊನ್ಯಾಕ್ ಪಟ್ಟಣದ ಬ್ರಾಂದಿ ವ್ಯಾಪಾರಿಯ ಮನೆಯಲ್ಲಿ ಜನಿಸಿದ ಮೊನೆ, 16ರ ಹರೆಯದಲ್ಲೇ ಶಾಲೆ ತೊರೆದು ಲಂಡನ್ನಿಗೆ, ಬಳಿಕ ವ್ಯಾಪಾರಕ್ಕೆಂದು ಕೆನಡಾಕ್ಕೆ ಹೋದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳ ಸರಕು ಸಾಗಣೆಯನ್ನು ಜಂಟಿಯಾಗಿ ನಡೆಸಲು ದುಡಿದರು. 1919ರಲ್ಲಿ ಲೀಗ್ ಆಫ್ ನೇಷನ್ಸ್‌ನ ಉಪ ಮಹಾಕಾರ್ಯದರ್ಶಿಯಾದರು. ಎಲ್ಲರ ಒಮ್ಮತ ಬೇಕೆಂಬ ನಿಯಮವೇ ನಿರ್ಧಾರಗಳನ್ನು ಕಟ್ಟಿಹಾಕುವುದನ್ನು ಅಲ್ಲಿ ಕಣ್ಣಾರೆ ಕಂಡರು. 1923ರಲ್ಲಿ ಹುದ್ದೆ ಬಿಟ್ಟರೂ ಆ ಪಾಠವನ್ನು ಮರೆಯಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಅದು ಫಲಕೊಟ್ಟಿತು. ಯುದ್ಧಕ್ಕೆ ಬೇಕಾದ ಕಲ್ಲಿದ್ದಲು ಮತ್ತು ಉಕ್ಕನ್ನೇ ಸಮಾನ ಪ್ರಾಧಿಕಾರವೊಂದರ ಅಧೀನಕ್ಕೆ ತಂದರೆ ಫ್ರಾನ್ಸ್ ಮತ್ತು ಜರ್ಮನಿ ಮತ್ತೆ ಕಾದಾಡಲಾರವು ಎಂಬುದು ಅವರ ಲೆಕ್ಕಾಚಾರ. ಅವರೂ ಸಂಗಡಿಗರೂ ಸಿದ್ಧಪಡಿಸಿದ ಈ ಯೋಜನೆಯನ್ನು 1950ರ ಮೇ 9ರಂದು ಫ್ರಾನ್ಸ್‌ನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಪ್ರಕಟಿಸಿದರು. ಮರುವರ್ಷ ಆರು ರಾಷ್ಟ್ರಗಳು ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 1952ರಲ್ಲಿ ಮೊನೆ ಉನ್ನತ ಪ್ರಾಧಿಕಾರದ ಮೊದಲ ಅಧ್ಯಕ್ಷರಾದರು. ಅದರ ಸದಸ್ಯರು ತಮ್ಮ ಸರ್ಕಾರಗಳಿಂದ ಆದೇಶ ಪಡೆಯುವಂತಿರಲಿಲ್ಲ. ಇಂದಿನ ಐರೋಪ್ಯ ಆಯೋಗದ ಬೇರು ಅಲ್ಲಿದೆ. ಅದೇ ಒಪ್ಪಂದದಿಂದ ಹುಟ್ಟಿದ ನ್ಯಾಯಾಲಯ, 1964ರಲ್ಲಿ, ಸಮುದಾಯದ ಕಾನೂನು ಸದಸ್ಯ ರಾಷ್ಟ್ರದ ಕಾನೂನಿಗಿಂತ ಮಿಗಿಲೆಂದು ತೀರ್ಪಿತ್ತಿತು.

ಆದರೂ ಮೊನೆ ಅವರನ್ನು ಪ್ರಶ್ನಾತೀತರೆಂದು ನಾನು ಭಾವಿಸಲಾರೆ. ಅವರ ದಾರಿ ತಜ್ಞರದು, ಆಪ್ತ ಸಮಾಲೋಚನೆಯದು. ಜನಾಭಿಪ್ರಾಯಕ್ಕೆ ಅಲ್ಲಿ ಎಡೆ ಕಡಿಮೆ. ಅವರು ಬೆಂಬಲಿಸಿದ ಐರೋಪ್ಯ ರಕ್ಷಣಾ ಸಮುದಾಯವನ್ನು 1954ರಲ್ಲಿ ಫ್ರಾನ್ಸ್‌ನ ಸಂಸತ್ತೇ ತಳ್ಳಿಹಾಕಿತು. 2005ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಮತದಾರರು ಒಕ್ಕೂಟದ ಸಂವಿಧಾನವನ್ನು ತಿರಸ್ಕರಿಸಿದರು. 2020ರಲ್ಲಿ ಬ್ರಿಟನ್ ಹೊರನಡೆಯಿತು. ವಿದೇಶಾಂಗ ನೀತಿಯಲ್ಲಂತೂ ಒಮ್ಮತದ ಹಳೆಯ ನಿಯಮ ಇಂದಿಗೂ ಬಹುಮಟ್ಟಿಗೆ ಉಳಿದಿದೆ.

ಮೊನೆ 1979ರಲ್ಲಿ ತೀರಿಕೊಂಡರು. ಮನುಷ್ಯರ ಸದ್ಭಾವನೆಯನ್ನಷ್ಟೇ ನಂಬಿ ಶಾಂತಿಯನ್ನು ಕಾಯಲಾಗದು, ಅದಕ್ಕೆ ಸಂಸ್ಥೆಗಳು ಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ. ಆ ಸಂಸ್ಥೆಗಳು ತಮ್ಮವೆಂದು ಜನರಿಗೂ ಅನಿಸಬೇಕು ಎಂಬುದನ್ನು ಕಲಿತದ್ದು ಅವರ ನಂತರದ ಇತಿಹಾಸದಿಂದ.