ಗೋಡೆಯನ್ನೇ ಆಸನವಾಗಿಸಿದ ಲಾರಿ ಬೇಕರ್

ಗೋವೆಯ ಹಳೆಯ ಮನೆಗಳ ಮುಂದೆ ಬಾಲ್ಕಾಂವ್ ಎಂಬ ಜಗಲಿ. ಅದರ ಇಕ್ಕೆಲದ ಕಲ್ಲಿನ ಕಟ್ಟೆಗಳೇ ಆಸನ. ಈ ಜಾಣ್ಮೆಯನ್ನು ಮೆಚ್ಚುವ ನಾವು ಲಾರಿ ಬೇಕರರನ್ನು ಸ್ಮರಿಸಲೇಬೇಕು.

1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದ ಈ ವಾಸ್ತುಶಿಲ್ಪಿ 1945ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದರು. ಹಿಮಾಲಯದ ಪಿಥೋರಗಢದಲ್ಲಿ ವೈದ್ಯೆಯಾಗಿದ್ದ ಪತ್ನಿ ಎಲಿಜಬೆತರೊಡನೆ ದುಡಿಯುತ್ತ, ಕೈಗೆಟಕುವ ಕಲ್ಲುಮಣ್ಣಿನಲ್ಲೇ ಮನೆ ಕಟ್ಟುವ ಹಳ್ಳಿಗರ ಕ್ರಮವನ್ನು ಕಲಿತರು. ಬಳಿಕ ತಿರುವನಂತಪುರದಲ್ಲಿ ನೆಲೆಸಿದರು. ಇಕ್ಕಟ್ಟಾದ ಕೋಣೆಯಲ್ಲಿ ಗೋಡೆಯೊಡನೆಯೇ ಇಟ್ಟಿಗೆಯ ಆಸನ, ಗೂಡುಗಳನ್ನು ಕಟ್ಟಿದರೆ ಜಾಗವೂ ಹಣವೂ ಉಳಿಯುವುದೆಂದು ತೋರಿಸಿಕೊಟ್ಟರು. ತಂಪಾನೂರಿನ ಇಂಡಿಯನ್ ಕಾಫಿ ಹೌಸಿನ ಸುರುಳಿ ಗೋಪುರದಲ್ಲಿ ಮೇಜು ಬೆಂಚುಗಳೂ ಕಟ್ಟಡದೊಡನೆ ಕಟ್ಟಿದವುಗಳೇ.

1990ರಲ್ಲಿ ಪದ್ಮಶ್ರೀ ಪಡೆದ ಬೇಕರರು 2007ರಲ್ಲಿ ನಿಧನರಾದರು. ಸಾಲ ಮಾಡಿ ಸೋಫಾ ತಂದು, ನೆಂಟರು ಬಂದಾಗ ಚಾಪೆ ಹಾಸಲು ಎಡೆಯಿಲ್ಲದೆ ಪರದಾಡುವ ನಮಗೆ ಅವರ ಬದುಕು ಪಾಠವಾಗಲಿ.