ಚಿತ್ರಕಲಾವಿದ ಕೆ. ವೆಂಕಟಪ್ಪ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ದಕ್ಷಿಣಕ್ಕೆ ಸಾಗುವ ಹೆದ್ದಾರಿ ಬಂಡೀಪುರದ ಕಾಡನ್ನು ದಾಟಿ ನೀಲಗಿರಿಯನ್ನು ಏರುತ್ತದೆ. ಚಾಮರಾಜನಗರ ಸೀಮೆಯ ಜನರಿಗೆ ಗೋಪಾಲಸ್ವಾಮಿ ಬೆಟ್ಟದ ಮಂಜು ಚಿರಪರಿಚಿತ. ಕ್ಷಣಕ್ಕೊಂದು ರೂಪ ತಾಳುವ ಆ ಮಂಜನ್ನು ಬಣ್ಣದಲ್ಲಿ ಸೆರೆಹಿಡಿಯುವುದು ಸುಲಭವಲ್ಲ. ಅದೇ ದಾರಿಯ ತುದಿಯಲ್ಲಿರುವ ಉದಕಮಂಡಲದಲ್ಲಿ ಮಂಜನ್ನೂ ಬೆಳಕನ್ನೂ ಜಲವರ್ಣಗಳಲ್ಲಿ ಮೂಡಿಸಿದ ಕನ್ನಡಿಗರು ಕೆ. ವೆಂಕಟಪ್ಪನವರು.

ವೆಂಕಟಪ್ಪನವರು ೧೮೮೬ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ನವುರಾದ ರೇಖೆ, ಚಿನ್ನದ ರೇಕಿನ ಕೆಲಸ ಇವು ಮೈಸೂರು ಚಿತ್ರಗಾರರಿಗೆ ಪರಂಪರೆಯಿಂದ ಬಂದ ವಿದ್ಯೆ. ಸಂಸ್ಥಾನದ ನೆರವಿನಿಂದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು ಅವರ ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿದ ಪುರಾಣಕಥೆಗಳ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣಾವಾದನವನ್ನು ಶ್ರದ್ಧೆಯಿಂದ ಕಲಿತರು.

ಪುರಾಣದ ಚಿತ್ರಗಳಿಂದ ಹೆಸರು ಪಡೆದಿದ್ದ ಅವರು ೧೯೨೦ರ ದಶಕದಲ್ಲಿ ನಿಸರ್ಗದತ್ತ ತಿರುಗಿದರು. ಉದಕಮಂಡಲದ ಸೂರ್ಯೋದಯ, ಬೆಳದಿಂಗಳು, ಚದರುವ ಮುಂಗಾರು ಮೋಡ ಇವೇ ಅವರ ವಸ್ತುಗಳಾದವು. ಬೇಕಾದ ಬೆಳಕು ಬೀಳುವವರೆಗೂ ಅವರು ತಾಳ್ಮೆಯಿಂದ ಕಾಯುತ್ತಿದ್ದರು.

ಸುಮಾರು ಅರ್ಧ ಶತಮಾನದ ಹಿಂದೆ ಫ್ರಾನ್ಸಿನ ಕ್ಲೋದ್ ಮೋನೆ ಎಂಬ ಚಿತ್ರಕಾರನನ್ನೂ ಇಂಥದೇ ಹಂಬಲ ಕಾಡಿತ್ತು. ೧೮೭೨ರಲ್ಲಿ ಅವನು ಲ ಹಾವ್ರ್ ಬಂದರಿನ ಮುಂಜಾವನ್ನು ಚಿತ್ರಿಸಿದನು. ಮಬ್ಬು ಕವಿದ ಕಡಲು, ಕೆಂಪಾದ ಸೂರ್ಯ, ನೀರಿನ ಮೇಲೆ ಪುಟ್ಟ ದೋಣಿಗಳು, ಚಿತ್ರದಲ್ಲಿದ್ದುದು ಇಷ್ಟೇ. ೧೮೭೪ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಕಂಡ ವಿಮರ್ಶಕನೊಬ್ಬ ಅಪೂರ್ಣವೆಂದು ಗೇಲಿ ಮಾಡಿದನು. ಆದರೆ ಆ ಚಿತ್ರದ ಹೆಸರಿನಿಂದಲೇ ಇಂಪ್ರೆಷನಿಸಂ ಎಂಬ ಹೊಸ ಪಂಥಕ್ಕೆ ಹೆಸರು ಬಂದಿತು. ಕಣ್ಣಿಗೆ ಬಿದ್ದ ಕ್ಷಣದ ಬೆಳಕೇ ಚಿತ್ರಕ್ಕೆ ವಸ್ತುವಾಗಬಲ್ಲದೆಂಬುದನ್ನು ಜಗತ್ತು ಕ್ರಮೇಣ ಒಪ್ಪಿತು.

ಮೋನೆಯ ಕುಂಚ ಅವಸರದ್ದು; ಬಿಡಿಬಿಡಿಯಾದ ಬಣ್ಣಗಳಲ್ಲಿ ಅವನು ಕ್ಷಣವನ್ನು ಹಿಡಿದನು. ವೆಂಕಟಪ್ಪನವರದು ನಿಧಾನದ ಕುಂಚ. ಮನೆತನದಿಂದ ಬಂದ ರೇಖೆಯ ಶಿಸ್ತನ್ನು ಅವರು ಬೆಟ್ಟದ ಮಂಜಿನ ಮುಂದೆಯೂ ಬಿಟ್ಟುಕೊಡಲಿಲ್ಲ. ಪಶ್ಚಿಮದ ಪಂಥವನ್ನು ಅನುಕರಿಸದೆ ತಮ್ಮ ದಾರಿಯಲ್ಲಿಯೇ ಬೆಳಕನ್ನು ಅರಸಿದುದು ಅವರ ಹಿರಿಮೆ.

೧೯೪೦ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದ ಮೇಲೆ ವೆಂಕಟಪ್ಪನವರಿಗೆ ಅರಮನೆಯ ಆಸರೆ ತಪ್ಪಿತು. ಬೆಂಗಳೂರಿನಲ್ಲಿ ಏಕಾಂಗಿಯಾಗಿ ಬಾಳಿದರೂ ಅವರು ಕಲೆಯನ್ನು ಅಗ್ಗಗೊಳಿಸಲಿಲ್ಲ. ಅವಿವಾಹಿತರಾಗಿಯೇ ಉಳಿದ ಅವರು ೧೯೬೫ರಲ್ಲಿ ಕಾಲವಾದರು. ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ ಅವರ ಹೆಸರಿನಲ್ಲಿ ಸ್ಥಾಪಿತವಾದ ಕಲಾಮಂದಿರ, ಬೆಳಕಿಗಾಗಿ ಕಾದು ಕುಳಿತ ಆ ತಪಸ್ವಿಗೆ ನಾಡು ಸಲ್ಲಿಸಿದ ಗೌರವವಾಗಿದೆ.